ನೊರೆ ಬಂದ ಬೂದಿ

ಯುದ್ಧದ ಕಾಲ, ಸೀಮೆಸುಣ್ಣಕ್ಕೂ ಬರ. ತೂಬಗೆರೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಬೀರುವಿನಿಂದ ವಾರಕ್ಕೆ ನಾಲ್ಕೈದು ಕಡ್ಡಿ ಕಾಣೆಯಾಗತೊಡಗಿದಾಗ ನನಗೆ ಎಲ್ಲರ ಮೇಲೂ ಗುಮಾನಿ. ಕೊನೆಗೆ ಅದು ಹೋಗಿ ಕೂತದ್ದು ಕಸ ಗುಡಿಸುವ ಹೆಂಗಸಿನ ಮೇಲೆ. ಒಂದು ಸಂಜೆ ಅವಳ ಸೆರಗಿನಲ್ಲಿ ಗಂಟು ಕಂಡಿತು. ಬಿಚ್ಚಿಸಿದೆ. ಬಿಳಿಚಿದ ಪುಡಿ!

"ಇದೇನಮ್ಮಾ?"

"ಎದುರು ಹೋಟ್ಲು ಒಲೆ ಬೂದಿ ಸ್ವಾಮಿ. ಬಿತ್ತನೆ ಅವರೆಕಾಳಿಗೆ ಬೆರೆಸಿಟ್ರೆ ಹುಳ ಬೀಳಾಕಿಲ್ಲ."

ಬೂದಿಯಂತೆ ಬೂದಿ! ಅವತ್ತೇ ಬೆಳಿಗ್ಗೆ ಹುಡುಗರಿಗೆ ಪಾಠ ಹೇಳಿದ್ದೆ: ಕಾರ್ಬೋನೇಟಿನ ಮೇಲೆ ಆಮ್ಲ ಬಿದ್ದರೆ ಲವಣವೂ ನೀರೂ ಆಗಿ, ಇಂಗಾಲಾಮ್ಲ ಅನಿಲ ನೊರೆಯಾಗಿ ಏಳುತ್ತದೆ, ಸೀಮೆಸುಣ್ಣ, ಸುಣ್ಣಕಲ್ಲು, ಬಟ್ಟೆ ಒಗೆಯುವ ಸೋಡಾ ಎಲ್ಲವೂ ಒಂದೇ ಗುಂಪು. ಪಾಠಕ್ಕೆ ತಂದು ಉಳಿದಿದ್ದ ಅರ್ಧ ನಿಂಬೆಹಣ್ಣನ್ನು ಆ ಪುಡಿಯ ಮೇಲೆ ಹಿಂಡಿದೆ. ಬುಸಬುಸನೆ ನೊರೆ ಬಂತು.

"ಸಿಕ್ಕಿಬಿದ್ದೆಯಲ್ಲ!" ಎಂದು ಕುಣಿದಾಡಿದೆ. ಹೋಟೆಲಿನವನನ್ನು ಕೇಳಿ ಎಂದು ಅವಳು ಅತ್ತಳು. ಅವನೂ ಅವಳ ಊರಿನವನೇ, ಅವಳ ಪರ ಹೇಳದೆ ಇರುತ್ತಾನೆಯೇ? ಕೇಳಲಿಲ್ಲ. ಹೆಡ್‌ಮೇಷ್ಟ್ರು ನನ್ನ ಮಾತು ನಂಬಿ, ನಾಳೆಯಿಂದ ಬರಬೇಡ ಅಂದುಬಿಟ್ಟರು. ಗಂಡ ಸತ್ತವಳು, ಆ ಕೆಲಸದಿಂದಲೇ ಅವಳ ಮನೆಯಲ್ಲಿ ಒಲೆ ಉರಿಯಬೇಕಿತ್ತು. ಅದು ಗೊತ್ತಿದ್ದೂ ನನಗೆ ಸೊಗಸಾಗಿ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಬಚ್ಚಲ ಬಳಿ ನನ್ನ ಹೆಂಡತಿ ಹುಣಿಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ಚೊಂಬು ಬೆಳಗುತ್ತಿದ್ದಳು. ಬೂದಿಯ ಮೇಲೆ ಹುಳಿ ಬಿದ್ದದ್ದೇ ತಡ, ಅದೇ ನೊರೆ.

"ಅದಕ್ಕೇನು ಬೆರೆಸಿದ್ದೀಯೆ?" ಎಂದೆ.

"ಒಲೆ ಬೂದಿಗೆ ಏನ್ರೀ ಬೆರೆಸ್ತಾರೆ? ದಿನಾ ಹಿಂಗೇ ಬರುತ್ತೆ. ಅನುಮಾನದ ಪ್ರಾಣಿ ಕಣ್ರೀ ನೀವು!"

ನನ್ನ ಜೀವ ಹಿಡಿಯಷ್ಟಾಯಿತು. ಬೂದಿಯೂ ಅದೇ ಗುಂಪಿನದು! ನೊರೆ ಬಂದ ಮಾತ್ರಕ್ಕೆ ಸೀಮೆಸುಣ್ಣವೇ ಎಂದು ತೀರ್ಮಾನಿಸಿದ ಪಂಡಿತ ನಾನು. ಥೂ! ಓಡಿಹೋಗಿ ಹೆಡ್‌ಮೇಷ್ಟ್ರ ಮುಂದೆ ತಪ್ಪೊಪ್ಪಿಕೊಂಡೆ. ಅಲ್ಲಿಂದ ನೇರ ಅವಳ ಮನೆಗೆ ಹೋಗಿ, "ತಪ್ಪಾಯ್ತಮ್ಮಾ, ಕೆಲಸಕ್ಕೆ ಬಾ" ಎಂದೆ. ಅವಳು ಬಂದು ಪೊರಕೆ ಹಿಡಿದಳು.

ಸೀಮೆಸುಣ್ಣ ಕದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅವಳು ಬೂದಿ ಒಯ್ಯುವುದನ್ನು ಬಿಟ್ಟಳು. ನನಗೆ ಬೇರೆ ಊರಿಗೆ ವರ್ಗವಾಗುವವರೆಗೂ, ಪ್ರತಿ ಸಂಜೆ ಹೊರಡುವ ಮುಂಚೆ ನನ್ನ ಮೇಜಿನ ಮುಂದೆ ಬಂದು ನಿಂತು, ಸೆರಗು ಕೊಡವಿ ತೋರಿಸುತ್ತಿದ್ದಳು.

"ಬೇಡಮ್ಮಾ" ಎಂದು ಕೈಮುಗಿಯುತ್ತಿದ್ದೆ.

"ನೋಡ್ಕಂಬುಡಿ ಸ್ವಾಮಿ" ಎನ್ನುತ್ತಿದ್ದಳು.