ಹಾಡು ನಡುವೆ ನಿಂತದ್ದು

ಮೊಮ್ಮಕ್ಕಳೇ, ನಾನು ವೇದಿಕೆ ಹತ್ತಿದ ವಿಡಿಯೋ ನಿಮ್ಮೆಲ್ಲರ ಫೋನಿನಲ್ಲೂ ಇದೆ. ನೀವು ಅದನ್ನು ಹಾಕಿಕೊಂಡು ನಗುವಾಗ ನಾನೂ ನಗುತ್ತೇನೆ, ಆಮೇಲೆ ಏನೋ ಕೆಲಸವಿದ್ದವಳಂತೆ ಒಳಗೆ ಹೋಗುತ್ತೇನೆ. ಬಾಯಲ್ಲಿ ಹೇಳಲು ಆಗದ್ದರಿಂದ ಬರೆಯುತ್ತಿದ್ದೇನೆ.

ಈ ಪರದೇಶದಲ್ಲಿ, ರೊಟೊಟೂನ ಬಡಾವಣೆಯ ನಮ್ಮ ಮನೆಯ ಬೇಲಿಯಾಚೆ ಇರುವ ಹಾಡುಗಾರ್ತಿಯನ್ನು ನೀವು ಆಂಟಿ ಎನ್ನುತ್ತೀರಿ. ಆಕೆಯೂ ನನ್ನಂತೆ ಗಂಡನನ್ನು ಕಳೆದುಕೊಂಡವಳು. ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ. ಹುಡುಗಿಯಾಗಿದ್ದಾಗಲೇ ಹಾಡಲು ನಿಂತು, ಈ ದೇಶದವನನ್ನು ಮದುವೆಯಾಗಿ ಬಂದು, ಡನೀಡಿನ್, ನೆಲ್ಸನ್ ಎಂದು ಊರೂರು ತಿರುಗಿ ನಲವತ್ತು ವರ್ಷಕ್ಕೂ ಮೇಲೆ ಹಾಡಿದ್ದಾಳೆ. ಆಕೆ ಹಾಡುವ ರೆಗೆ ಎಂಬುದು ನಿಧಾನವಾಗಿ ತೂಗುವ ಹಾಡು. ಡ್ಯಾನ್ಸ್‌ಹಾಲ್ ಅದರ ತಂಗಿಯಿದ್ದಂತೆ, ಅದರಲ್ಲಿ ಮಾತುಗಳು ಓಡುತ್ತವೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವಳು ನಿಮ್ಮಲ್ಲಿ ದೊಡ್ಡವಳು. ನನ್ನ ಇಂಗ್ಲಿಷು ಇಲ್ಲಿಯವರು ಡೈರಿ ಎನ್ನುವ ಮೂಲೆ ಅಂಗಡಿಯಲ್ಲಿ ಬ್ರೆಡ್ಡು ಕೇಳುವಷ್ಟು ಮಾತ್ರ.

ಈ ವರ್ಷ ಆಕೆಯ ಗಂಟಲು ಕೆಟ್ಟಿತು. ಕೊನೆಯ ಕಾರ್ಯಕ್ರಮ ಈ ಊರಿನಲ್ಲೇ, ಒಂದು ಭಾನುವಾರ ಮಧ್ಯಾಹ್ನ ಎಂದು ಮೊದಲೇ ಗೊತ್ತಾಗಿತ್ತು. ಸ್ವರ ಉಳಿಯುತ್ತದೆಯೇ ಎಂಬುದೊಂದೇ ಆಕೆಯ ಚಿಂತೆ. ನಾನು ಶುಂಠಿ, ಮೆಣಸು, ಜೀರಿಗೆ, ಬೆಲ್ಲದ ಕಷಾಯ ಕಾಯಿಸಿ ಬೇಲಿಯ ಮೇಲಿಂದ ಕೊಡತೊಡಗಿದೆ. ಮಾತಾಡಲು ನಾಚುವವಳಿಗೆ ಲೋಟ ಚಾಚುವುದು ಸುಲಭ. ಕಾರ್ಯಕ್ರಮದ ದಿನ ಬೆಳಿಗ್ಗೆ, ಸ್ವರ ಚೆನ್ನಾಗಿ ಬಿಚ್ಚಲಿ ಎಂದು ಮೆಣಸು ಹೆಚ್ಚೇ ಹಾಕಿದೆ. ಕುಡಿದವಳು ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡಳು. ಮೆಣಸು ಹೆಚ್ಚಾಯಿತೇನೋ ಎಂದು ನನಗೆ ಆಗಲೇ ಅನ್ನಿಸಿತು.

ಮೂಲೆಯಲ್ಲಿ ಕೂರುತ್ತೇನೆಂದರೂ ಆಕೆ ನನಗೆ ಮೊದಲ ಸಾಲಿನಲ್ಲಿ ಜಾಗ ಇಡಿಸಿದ್ದಳು. ಹಳೆಯ ಹಾಡುಗಳಲ್ಲಿ ಸ್ವರ ಮೊದಮೊದಲು ಒಡೆಯಿತು, ಆಮೇಲೆ ತೆರೆದುಕೊಂಡಿತು. ಕೊನೆಯದು ಓಡುವ ಹಾಡು. ಅದು ಅರ್ಧವೂ ಆಗಿರಲಿಲ್ಲ, ಹಿಂದಿನಿಂದ ಕೂಗಾಟ ಎದ್ದಿತು. ಗಂಡಸರು ಗೋಡೆ ಬಡಿದರು, ಹೆಂಗಸರು ಕುರ್ಚಿ ಕುಟ್ಟಿದರು. ವೇದಿಕೆಯ ಬದಿಯಲ್ಲಿದ್ದ ಡಿಜೆ ಸಂಗೀತವನ್ನು ಗಕ್ಕನೆ ನಿಲ್ಲಿಸಿಬಿಟ್ಟ. ಆಕೆ ಮೈಕು ಇಳಿಸಿ ತಲೆ ಬಗ್ಗಿಸಿ ನಿಂತಳು.

ನಮ್ಮೂರ ನಾಟಕಗಳಲ್ಲಿ ಮೆಚ್ಚಿದ ಹಾಡಿಗೆ ‘ವನ್ಸ್ ಮೋರ್’ ಕೂಗುತ್ತಿದ್ದರು, ಆದರೆ ಹಾಡು ಮುಗಿದ ಮೇಲೆ. ನಡುವೆಯೇ ಬೆಂಚು ಕುಟ್ಟಿ, ಹಾರ್ಮೋನಿಯಂ ಮೇಷ್ಟರು ಕೈ ತೆಗೆದರೆಂದರೆ ಹಾಡುವವನ ಮರ್ಯಾದೆ ಹೋಯಿತೆಂದೇ ಅರ್ಥ. ನನ್ನ ಮೆಣಸು ಆಕೆಯ ಸ್ವರ ಕೆಡಿಸಿತು, ಜನ ಕೂಗಿ ಕೆಳಗಿಳಿಸುತ್ತಿದ್ದಾರೆ ಎಂದುಕೊಂಡೆ. ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ, ವಿಡಿಯೋದಲ್ಲಿ ಕಂಡದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಕೆಯ ಕೈ ಹಿಡಿದು, ಜನರ ಕಡೆ ತಿರುಗಿ ಕನ್ನಡದಲ್ಲೇ ಬೈದಿದ್ದೇನೆ.

“ಸಾಕು ಸುಮ್ನಿರ್ರಪ್ಪ. ತಪ್ಪು ಅವಳದಲ್ಲ, ನಾನ್ ಕೊಟ್ಟ ಕಷಾಯದ್ದು. ಬಾರಮ್ಮ, ಮನೆಗೆ ಹೋಗಾಣ.”

ದೊಡ್ಡವಳು ಕೆಳಗೆ ಬಂದು ನಿಂತು ಮೆಲ್ಲಗೆ ಹೇಳಿದಳು: “ಅಜ್ಜಿ, ದೇ ಲವ್ ಇಟ್. ಮತ್ತೆ ಫಸ್ಟ್‌ನಿಂದ ಹಾಡ್ಲಿ ಅಂತ ನಿಲ್ಸಿದ್ದು. ಇಳಿ ಅಜ್ಜಿ, ಪ್ಲೀಸ್.”

ಆ ಹಾಡಿನವರ ಪದ್ಧತಿಯೇ ಹಾಗಂತೆ. ತುಂಬ ಹಿಡಿಸಿದರೆ ಮುಗಿಯುವವರೆಗೂ ಕಾಯುವುದಿಲ್ಲ. ನಡುವೆಯೇ ತಡೆದು ಮೊದಲಿನಿಂದ ಹಾಡಿಸುತ್ತಾರೆ. ಅದಕ್ಕಿಂತ ದೊಡ್ಡ ಸನ್ಮಾನ ಅವರಲ್ಲಿಲ್ಲ. ಆಕೆಯೇ ನನ್ನನ್ನು ಇಳಿಸಿಕೊಂಡು ಬಂದು, ನೀರು ಕುಡಿಸಿ, ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಸಭಾಂಗಣವನ್ನು ಬಾಡಿಗೆಗೆ ಪಡೆದಿದ್ದ ಹೊತ್ತು ಮುಗಿಯಿತು. ಜನ ಚಪ್ಪಾಳೆ ತಟ್ಟಿ ಎದ್ದರು. ಹಾಡು ಅರ್ಧಕ್ಕೇ ಉಳಿಯಿತು.

ಆಮೇಲೆ ನಾನು ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ. ಬಟ್ಟೆಯನ್ನೂ ಒಳಗೇ ಹರವುತ್ತಿದ್ದೆ. ಒಂದು ಬೆಳಿಗ್ಗೆ ಆಕೆ ಮುಂಬಾಗಿಲಿಂದಲೇ ಬಂದು ಅಡುಗೆಮನೆಯಲ್ಲಿ ಕೂತಳು. ನಾನು ಸಾರಿ ಎಂದೆ. ಅದಕ್ಕಿಂತ ಹೆಚ್ಚು ಬರಲಿಲ್ಲ. ಆಕೆ ಬಹಳ ಹೊತ್ತು ಏನೋ ಹೇಳಿದಳು, ದೊಡ್ಡವಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳುತ್ತ ಹೋದಳು. ಶುರುವಿನ ದಿನಗಳಲ್ಲಿ ಹೊಸ ಊರುಗಳಲ್ಲಿ ಜನ ನಿಜವಾಗಿಯೇ ಕೂಗಿ ಇಳಿಸಿದ್ದುಂಟಂತೆ, ಬಿಯರಿನ ಡಬ್ಬಿ ಎಸೆದದ್ದೂ ಉಂಟಂತೆ.

“ಆಗ ಯಾರೂ ಹತ್ತಿ ಬರ್ಲಿಲ್ವಂತೆ ಅಜ್ಜಿ,” ಎಂದಳು ದೊಡ್ಡವಳು.

ಸಮಾಧಾನಕ್ಕೆ ಹೇಳಿದ ಮಾತು. ನನಗೆ ಇನ್ನಷ್ಟು ನಾಚಿಕೆಯಾಯಿತು. ಅಂಥದ್ದನ್ನೆಲ್ಲ ಸಹಿಸಿ ಆಕೆ ಸಂಪಾದಿಸಿದ ಸನ್ಮಾನವನ್ನು ನಾನು ಆಕೆಯ ಕೈಯಿಂದ ಕಿತ್ತುಕೊಂಡಿದ್ದೆ.

ಆಕೆ ಎದ್ದು ನಿಂತು ಅದೇ ಹಾಡನ್ನು ಸಣ್ಣ ದನಿಯಲ್ಲಿ ಹಿಡಿದಳು. ಅಂದು ನಿಂತ ಜಾಗಕ್ಕೆ ಬಂದಾಗ ನನ್ನತ್ತ ನೋಡಿದಳು. ಈಗ ನೀನು ಟೇಬಲ್ ಕುಟ್ಟಬೇಕು ಎಂದು ದೊಡ್ಡವಳು ಪಿಸುಗುಟ್ಟಿದಳು. ಕೈ ಎತ್ತಿದೆ, ಇಳಿಸಲಾಗಲಿಲ್ಲ. ಆಕೆ ಆ ಸಾಲನ್ನೇ ಮತ್ತೆ ಮತ್ತೆ ಹೇಳುತ್ತ ಕಾದಳು. ಕೊನೆಗೆ, ಪರರ ಮನೆಯ ಬಾಗಿಲು ತಟ್ಟುವಂತೆ, ಎರಡು ಬೆರಳಲ್ಲಿ ತಟ್ಟಿದೆ.

ಆಕೆ ತಟ್ಟನೆ ನಿಲ್ಲಿಸಿ, ಉಸಿರೆಳೆದು, ಮೊದಲಿನಿಂದ ಶುರುಮಾಡಿದಳು. ನಾನು ಆ ಮುಖ ನೋಡಲಾರದೆ ಒಲೆಯ ಕಡೆ ತಿರುಗಿ ನಿಂತು, ಮುಗಿಯುವವರೆಗೂ ಕೇಳಿದೆ.