ಗಾಡಿ ಕಟ್ಟದ ಸೋಮವಾರ

ಹೆರಿಗೆಗೆಂದು ಕೊಳ್ಳೇಗಾಲದ ತವರಿಗೆ ಹೋಗಿದ್ದ ಹೆಂಡತಿಗೆ ಹೆಣ್ಣುಮಗುವಾಗಿತ್ತು. ಅಮ್ಮ ಕೊಟ್ಟ ಮರದ ತೊಟ್ಟಿಲನ್ನು ಹೇರಿಕೊಂಡು ಆತುರದಲ್ಲಿ ಹೊರಟವನು ಮಾಂಬಳ್ಳಿಯಲ್ಲಿ ಸಿಕ್ಕಿಬಿದ್ದೆ. ಅಲ್ಲಿಂದ ಮುಂದಕ್ಕೆ ಆಗ ಬಸ್ಸಿರಲಿಲ್ಲ; ಬೆಳಗ್ಗೆ ಕೇಳಿದರೆ ಎತ್ತಿನ ಗಾಡಿಯವನು ಖಂಡಿತ ಆಗದು ಎಂದುಬಿಟ್ಟ.

“ಇವತ್ತು ಸೋಮಾರ ಸಾ. ಎತ್ತಿನ ಎಗಲಿಗೆ ನೊಗ ಇಕ್ಕಾಕಿಲ್ಲ. ನಾಳೆ ಓಗುವ.”

ತೊಟ್ಟಿಲು ಹೊತ್ತು ನಡೆಯುವಂತೆಯೂ ಇರಲಿಲ್ಲ. ಉಳುಮೆಗೂ ಎತ್ತು ಕಟ್ಟದ ದಿನವೆಂದು ಊರಿನವರೆಲ್ಲ ಸೇರಿ ರಸ್ತೆ ಬದಿಯ ಹಾಳುಬಿದ್ದ ತೋಪಿನಲ್ಲಿ ಗಿಡ ನೆಡುತ್ತಿದ್ದರು. ಸಿಡಿಮಿಡಿಗೊಂಡು ಕೂತಿದ್ದ ನನ್ನನ್ನು ಒಬ್ಬ ಅಜ್ಜಿ ವಿಚಾರಿಸಿಕೊಂಡು, ಕೈಗೆ ಗುದ್ದಲಿಯನ್ನೂ ಒಂದು ಅತ್ತಿ ಸಸಿಯನ್ನೂ ಕೊಟ್ಟಳು.

“ಮಾವು ನೆಡಬಾರದಾ ಅಜ್ಜಿ?” ಎಂದೆ.

“ಮಾವಾದ್ರೆ ನಾವೇ ಕಿತ್ಕಂಡು ತಿಂದ್ಬುಡ್ತೀವಿ ಕಣಪ್ಪ. ಗಿಣಿ, ಗೊರವಂಕಕ್ಕೆ ಏನುಳಿದದು? ನೆಡು. ನಿನ್ ಮಗಳ ಎಸರೇಳಿ ನೀರುಯ್ಯಿ.”

“ಹೆಸರಿನ್ನೂ ಇಟ್ಟಿಲ್ಲ. ನಾನು ಮಗುವಿನ ಮುಖವನ್ನೇ ನೋಡಿಲ್ಲ.”

“ಅಂಗಾದ್ರೆ ಮದ್ಲು ಇದರ ಮಕ ನೋಡ್ಕೊ.”

ಸಂಜೆಯವರೆಗೂ ಆ ಎರಡೆಲೆ ಸಸಿಯ ಪಕ್ಕದಲ್ಲೇ ಕೂತಿದ್ದೆ.

ಮಗಳೀಗ ನನ್ನ ಎದೆಯುದ್ದ ಬಂದಿದ್ದಾಳೆ. ಆ ಗಿಡ ಎಷ್ಟುದ್ದ ಬಂದಿದೆಯೋ! ಈಗ ಆ ದಾರಿಗೆ ಬಸ್ಸಾಗಿದೆ. ಹೋಗುವಾಗ ಬರುವಾಗ ಕಿಟಕಿಯಿಂದ ಕತ್ತು ಚಾಚುತ್ತೇನೆ. ನನ್ನದು ಯಾವುದೆಂದು ಹುಡುಕುವಷ್ಟರಲ್ಲಿ ತೋಪು ಹಿಂದಾಗಿರುತ್ತದೆ. ಈ ಹಾಳು ಬಸ್ಸಿಗೆ ಸೋಮವಾರವೇ ಇಲ್ಲ.