ಮೊದಲ ತಟ್ಟೆ ನೆಂಟನಿಗೆ

ಅನ್ನದ ತಟ್ಟೆ ಎಗರಿ ತುಳಸಿಕಟ್ಟೆಗೆ ಬಡಿಯಿತು. ನಮ್ಮ ಮನೆಯ ನಾಯಿಗಳಾದ ಕರಿಯ, ಬೊಳ್ಳ ಇಬ್ಬರೂ ಒಟ್ಟಿಗೆ ಹೊಸಬನ ಮೇಲೆ ಎರಗಿದ್ದರು. ನಾನು ಅಂಗಳ ಗುಡಿಸುವ ಹಿಡಿಸೂಡಿ ಬೀಸಿ ಹೇಗೋ ಬಿಡಿಸಿದೆ.

ಸುಬ್ರಹ್ಮಣ್ಯದ ಬಸ್‌ಸ್ಟ್ಯಾಂಡಿನಲ್ಲಿ ಕುಂಟುತ್ತಿದ್ದ ಆ ನಾಯಿಯನ್ನು, ಸಾಕುವವರು ಸಿಗುವವರೆಗೆ ಇರಲಿ ಎಂದು ಅದೇ ಬೆಳಿಗ್ಗೆ ಐವರ್ನಾಡಿನ ನಮ್ಮ ಮನೆಗೆ ತಂದಿದ್ದೆ. ಬಂದವರಿಗೆ ಮೊದಲು ಬಡಿಸಿ ಮನೆಯವರು ಆಮೇಲೆ ಉಣ್ಣುವುದಲ್ಲವೇ ನಮ್ಮ ಕ್ರಮ? ಹಾಗೆಂದು ಮೀನುಸಾರಿನ ಅನ್ನವನ್ನು ಮೊದಲು ಅವನಿಗೇ ಇಟ್ಟಿದ್ದೆ, ಅದೂ ಇವರಿಬ್ಬರ ಮೂಗಿನೆದುರೇ!

ಗಲಾಟೆ ಕೇಳಿ ಹೊರಬಂದ ಅತ್ತೆ ಗದರಿದ್ದು ನನಗೆ. "ನಾಯಿಗೆ ನೆಂಟರ ಉಪಚಾರ ಎಂತಕ್ಕೆ ಮಾರಾಯ್ತಿ? ಇಲ್ಲಿ ಇರುವಷ್ಟು ದಿನ ಅವ ಮನೆಯವನೇ. ನಮ್ಮ ಹಾಗೆ ಕಡೆಗೆ ಉಣ್ಲಿ."

ಮರುದಿನದಿಂದ ಮೊದಲು ಕರಿಯನಿಗೆ, ಮತ್ತೆ ಬೊಳ್ಳನಿಗೆ, ಕಡೆಗೆ ದೂರದ ಮೂಲೆಯಲ್ಲಿ ಅವನಿಗೆ. ಗುರುಗುಟ್ಟುವುದು ಕಡಿಮೆಯಾದಂತೆ ಅವನ ತಟ್ಟೆಯೂ ಹತ್ತಿರ ಸರಿಯಿತು. ಒಂದು ಮಧ್ಯಾಹ್ನ ನೋಡಿದರೆ ಮೂವರೂ ಒಂದೇ ಗೋಣಿಯ ಮೇಲೆ ಬಿದ್ದುಕೊಂಡಿದ್ದಾರೆ. ಕರಿಯನ ಹೊಟ್ಟೆಯೇ ಹೊಸಬನಿಗೆ ತಲೆದಿಂಬು!

ಕೊನೆಗೆ ಕುಂಬ್ರದವರೊಬ್ಬರು ಅವನನ್ನು ಸಾಕಲು ಒಪ್ಪಿದರು. ಅವರು ಕರೆದೊಯ್ಯಲು ಬಂದ ದಿನ ಅತ್ತೆಯೇ ಅನ್ನ ಕಲಸಿ ತಂದರು. "ಹೋಗುವವ ಇನ್ನು ನೆಂಟನೇ" ಎನ್ನುತ್ತಾ ಮೊದಲ ತಟ್ಟೆಯನ್ನು ಅವನ ಮುಂದಿಟ್ಟರು. ನಾನು ಹಿಡಿಸೂಡಿ ಹಿಡಿದು ತಯಾರಾಗಿ ನಿಂತಿದ್ದೆ. ಕರಿಯ, ಬೊಳ್ಳ ಇಬ್ಬರೂ ಅವನು ಉಂಡು ಮುಗಿಸುವವರೆಗೆ ಸುಮ್ಮನೆ ಕೂತು ಕಾದರು.